ತಂಗಳು ಪಾಸ್ತಾದ ಕಥೆ

ಪಾಸ್ತಾದ ಇತಿಹಾಸ ಅಂದ ಕೂಡಲೇ ಯಾರಾದರೊಬ್ಬರು ಮಾರ್ಕೊ ಪೋಲೊನ ಹೆಸರು ತೆಗೆಯುತ್ತಾರೆ. ಆತ ಚೀನಾದಿಂದ ತಂದದ್ದಂತೆ. ಈ ಕಥೆ ಇನ್ನೂ ಸಾಯದಿರುವುದು ಆಶ್ಚರ್ಯ. ಮಾರ್ಕೊ ಪೋಲೊ ವೆನಿಸ್‌ಗೆ ಮರಳಿದ್ದು 1295ರಲ್ಲಿ. ಅದಕ್ಕೆ ಹದಿನಾರು ವರ್ಷ ಮೊದಲೇ, 1279ರಲ್ಲಿ, ಜಿನೋವಾದ ಒಬ್ಬ ಸೈನಿಕನ ಆಸ್ತಿಪಟ್ಟಿ ಬರೆದ ನೋಟರಿ ಅದರಲ್ಲಿ 'ಮಕರೋನಿ ತುಂಬಿದ ಒಂದು ಪೆಟ್ಟಿಗೆ' ಎಂದು ದಾಖಲಿಸಿದ್ದಾನೆ. ಇನ್ನೂ ಹಿಂದಕ್ಕೆ ಹೋದರೆ, ಸಿಸಿಲಿಯ ದೊರೆ ಎರಡನೆಯ ರೋಜರ್‌ನ ಆಸ್ಥಾನದಲ್ಲಿದ್ದ ಭೂಗೋಳಜ್ಞ ಅಲ್ ಇದ್ರೀಸಿ 1154ರಲ್ಲಿ ಪಲೆರ್ಮೊ ಹತ್ತಿರದ ತ್ರಾಬಿಯಾ ಎಂಬ ಊರಿನ ಬಗ್ಗೆ ಬರೆಯುತ್ತಾ, ಅಲ್ಲಿ 'ಇತ್ರಿಯಾ' ಎಂಬ ಎಳೆಎಳೆಯಾದ ಹಿಟ್ಟಿನ ತಿನಿಸನ್ನು ರಾಶಿಗಟ್ಟಲೆ ಮಾಡಿ ಹಡಗಿನಲ್ಲಿ ದೂರದ ಊರುಗಳಿಗೆ ಕಳಿಸುತ್ತಾರೆ ಎನ್ನುತ್ತಾನೆ.

ಪಾಸ್ತಾ ಎಲ್ಲಿಂದ ಬಂತು ಎಂದು ಕೇಳುವವರು ಬೇಕಾದಷ್ಟು ಜನ. ಬೇಯಿಸಿದ ಪಾಸ್ತಾ ಉಳಿದರೆ ಮಾರನೇ ದಿನ ಅದಕ್ಕೆ ಏನಾಗುತ್ತಿತ್ತು ಎಂದು ಕೇಳುವವರು ಕಡಿಮೆ. ನನಗೆ ಆಸಕ್ತಿ ಇರುವುದು ಈ ಎರಡನೇ ಪ್ರಶ್ನೆಯಲ್ಲಿ. ಪುಣೆಯ ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಮೂರು ತಲೆಮಾರು ಒಟ್ಟಿಗಿದ್ದೇವೆ. ವಾರಕ್ಕೊಂದು ಸಲ ಮಗಳಿಗಾಗಿ ಪಾಸ್ತಾ ಆಗುತ್ತದೆ, ಪ್ರತಿ ಸಲವೂ ಉಳಿಯುತ್ತದೆ. ಮಗಳು ಮರುದಿನ ಅದನ್ನು ಮೈಕ್ರೋವೇವ್‌ನಲ್ಲಿ ಇಟ್ಟು ಗುಂಡಿ ಒತ್ತುತ್ತಾಳೆ. ಧಾರವಾಡದ ನಮ್ಮವ್ವ, "ತಂಗಳ ತಿನ್ನಬ್ಯಾಡ್ರಿ ಅಂತ ಎಷ್ಟ ಸಲ ಹೇಳಬೇಕು" ಎನ್ನುತ್ತಾಳೆ. "ಅಜ್ಜಿ, ಬಿಸಿ ಮಾಡಿದ್ರೆ ಎಲ್ಲಾ ಸತ್ತುಹೋಗುತ್ತೆ" ಎಂಬುದು ಮಗಳ ಉತ್ತರ. ಇಬ್ಬರಲ್ಲಿ ಯಾರು ಸರಿ ಎಂದು ನೋಡಲು ಹೊರಟವನಿಗೆ ಏಳೆಂಟು ಶತಮಾನ ಸುತ್ತಬೇಕಾಯಿತು.

ಮೊದಲು ಒಂದು ಮಾತು. ಒಣ ಪಾಸ್ತಾ ಎಂಬುದೇ ಕೆಡದಂತೆ ಇಡುವ ಉಪಾಯ. ಡ್ಯೂರಮ್ ಗೋಧಿಯ ರವೆಯನ್ನು ನೀರಲ್ಲಿ ನಾದಿ, ಎಳೆ ಮಾಡಿ, ಒಣಗಿಸಿದರೆ ಅದು ವರ್ಷಗಟ್ಟಲೆ ಬಾಳುತ್ತದೆ. ಡ್ಯೂರಮ್ ನಮ್ಮ ಕಡೆಯ ಜವೆಗೋಧಿಯ ಹತ್ತಿರದ ಸಂಬಂಧಿ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಕೋಲಿಗೆ ಶಾವಿಗೆ ಇಳಿಬಿಟ್ಟದ್ದನ್ನು ಕಂಡವರಿಗೆ ನೇಪಲ್ಸ್ ಹತ್ತಿರದ ಗ್ರಾನ್ಯಾನೊ ಊರಿನ ಹಳೆಯ ಫೋಟೋಗಳು ಹೊಸದೆನಿಸುವುದಿಲ್ಲ. ಅಲ್ಲಿ ಬೀದಿಯುದ್ದಕ್ಕೂ ಬೆತ್ತದ ಕೋಲುಗಳ ಮೇಲೆ ಪಾಸ್ತಾ ತೂಗುತ್ತಿರುತ್ತದೆ. ಹದಿನೈದನೇ ಶತಮಾನದ ಬಾಣಸಿಗ ಮಾಸ್ಟ್ರೊ ಮಾರ್ಟಿನೊ ತನ್ನ ಅಡುಗೆ ಪುಸ್ತಕದಲ್ಲಿ, ಬಿಸಿಲಿಗೆ ಒಣಗಿಸಿದ ಸಿಸಿಲಿಯ ಮಕರೋನಿ ಎರಡು ಮೂರು ವರ್ಷ ಬಾಳುತ್ತದೆ ಎಂದಿದ್ದಾನೆ. ಆದರೆ ಈ ಆಯುಷ್ಯವೆಲ್ಲ ಒಣಗಿದ್ದಾಗ ಮಾತ್ರ. ಒಮ್ಮೆ ನೀರು ಕುಡಿಯಿತೋ, ಅದರ ಆಯುಷ್ಯ ಗಂಟೆಗಳ ಲೆಕ್ಕಕ್ಕೆ ಇಳಿಯುತ್ತದೆ.

ಅದೇ ಮಾರ್ಟಿನೊ ಆ ಮಕರೋನಿಯನ್ನು ಎರಡು ಗಂಟೆ ಬೇಯಿಸಲು ಹೇಳುತ್ತಾನೆ! ಇಂದಿನ ಇಟಲಿಯವರು ಪವಿತ್ರವೆಂದು ಭಾವಿಸುವ 'ಆಲ್ ದೆಂತೆ', ಅಂದರೆ ಹಲ್ಲಿಗೆ ಸ್ವಲ್ಪ ಗಟ್ಟಿ ಸಿಗುವಂತೆ ಬೇಯಿಸುವ ರೂಢಿ, ಆಗಿನ ದೊಡ್ಡ ಮನೆಗಳ ಅಡುಗೆಯಲ್ಲಿ ಇರಲಿಲ್ಲ. ಅದು ಪ್ರತಿಷ್ಠೆ ಪಡೆದದ್ದು ಬಹಳ ತಡವಾಗಿ, ನೇಪಲ್ಸ್‌ನ ಬೀದಿಯಿಂದ ಮೇಲಕ್ಕೆ ಹತ್ತಿ. ಈ ವಿಷಯ ತಂಗಳಿಗೂ ಸಂಬಂಧಿಸಿದ್ದು. ಮೊದಲೇ ಮೆತ್ತಗೆ ಬೆಂದದ್ದನ್ನು ಮರುದಿನ ಬಿಸಿ ಮಾಡಿದರೆ ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಗಟ್ಟಿಯಾಗಿ ಬೇಯಿಸಿದ್ದನ್ನು ಬಿಸಿ ಮಾಡಿದರೆ ಮಾತ್ರ 'ನಿನ್ನೆಯಂತಿಲ್ಲ' ಎಂಬ ದೂರು ಹುಟ್ಟುತ್ತದೆ.

ನೇಪಲ್ಸ್‌ನ ಜನರಿಗೆ ಒಂದು ಕಾಲಕ್ಕೆ ಇದ್ದ ಅಡ್ಡಹೆಸರು 'ಸೊಪ್ಪು ತಿನ್ನುವವರು'. ಎಲೆಕೋಸು, ಸೊಪ್ಪು, ಒಂದಿಷ್ಟು ಮಾಂಸ, ಅದೇ ಊಟ. ಹದಿನೇಳನೇ ಶತಮಾನದಲ್ಲಿ ಸ್ಪೇನಿನ ಆಳ್ವಿಕೆಯ ಕೆಳಗೆ ಊರು ತುಂಬಿ ತುಳುಕಿತು, ಮಾಂಸ ದುಬಾರಿಯಾಯಿತು. ಅದೇ ಹೊತ್ತಿಗೆ ಹಿಟ್ಟು ನಾದುವ ಮತ್ತು ಎಳೆ ಒತ್ತುವ ಯಂತ್ರಗಳು ಹರಡಿ ಪಾಸ್ತಾ ಅಗ್ಗವಾಯಿತು. ಸೊಪ್ಪು ತಿನ್ನುವವರು 'ಮಕರೋನಿ ತಿನ್ನುವವರು' ಆದರು. ಎಮಿಲಿಯೊ ಸೆರೆನಿ ಎಂಬ ಇತಿಹಾಸಕಾರ ಈ ಬದಲಾವಣೆಯನ್ನೇ ಹಿಡಿದು 1958ರಲ್ಲಿ ಒಂದು ದೀರ್ಘ ಪ್ರಬಂಧ ಬರೆದಿದ್ದಾನೆ. ಬಡತನ ಮತ್ತು ಯಂತ್ರ ಸೇರಿ ಒಂದು ಊರಿನ ನಾಲಿಗೆಯನ್ನೇ ಬದಲಿಸಿದ ಕಥೆ ಅದು.

1787ರಲ್ಲಿ ನೇಪಲ್ಸ್‌ಗೆ ಬಂದ ಜರ್ಮನ್ ಕವಿ ಗಯಟೆ, ಎಲ್ಲೆಂದರಲ್ಲಿ ಅಗ್ಗವಾಗಿ ಮಕರೋನಿ ಸಿಗುವುದನ್ನೂ, ಅದನ್ನು ಬರೀ ನೀರಲ್ಲಿ ಬೇಯಿಸಿ ತುರಿದ ಚೀಸ್ ಉದುರಿಸಿ ಕೊಡುವುದನ್ನೂ ಬರೆದಿಟ್ಟಿದ್ದಾನೆ. ಬೀದಿಯಲ್ಲಿ ದೊಡ್ಡ ಹಂಡೆ, ಕೆಳಗೆ ಬೆಂಕಿ. ಕೊಂಡವನು ಬೆರಳಲ್ಲಿ ಎಳೆ ಎತ್ತಿ, ತಲೆ ಹಿಂದಕ್ಕೆ ಬಾಗಿಸಿ, ಬಾಯೊಳಗೆ ಇಳಿಸುತ್ತಿದ್ದ. ಈ ನೋಟ ಎಷ್ಟು ಪ್ರಸಿದ್ಧವಾಯಿತೆಂದರೆ ಹತ್ತೊಂಬತ್ತನೇ ಶತಮಾನದ ಫೋಟೋಗ್ರಾಫರುಗಳು ಪ್ರವಾಸಿಗರಿಗೆ ಮಾರಲೆಂದೇ ಜನರನ್ನು ನಿಲ್ಲಿಸಿ ಇಂಥ ಚಿತ್ರ ತೆಗೆಯುತ್ತಿದ್ದರು. (ಬಡವರ ಊಟವನ್ನು ಪೋಸ್ಟ್‌ಕಾರ್ಡ್ ಮಾಡುವ ಚಟ ಹೊಸದೇನಲ್ಲ.) ಬೀದಿಯ ಪಾಸ್ತಾಕ್ಕೆ ಒಂದು ಗುಣವಿತ್ತು. ಅದು ಉಳಿಯುತ್ತಿರಲಿಲ್ಲ. ಕಾಸಿಗೆ ತಕ್ಕಷ್ಟು, ಹೊಟ್ಟೆಗೆ ತಕ್ಕಷ್ಟು, ಅಲ್ಲೇ ಮುಗಿಯಿತು. ತಂಗಳು ಹುಟ್ಟಬೇಕಾದರೆ ಮನೆ ಬೇಕು, ಒಲೆ ಬೇಕು, ಒಂದು ಹಿಡಿ ಹೆಚ್ಚು ಬೇಯಿಸುವ ಚೈತನ್ಯ ಬೇಕು.

ಮನೆಯಲ್ಲಿ ಉಳಿದ ಪಾಸ್ತಾಕ್ಕೆ ನೇಪಲ್ಸ್ ಕಂಡುಕೊಂಡ ಉತ್ತರದ ಹೆಸರು 'ಫ್ರಿಟ್ಟಾಟಾ ದಿ ಮಕ್ಕರೋನಿ'. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಿನ್ನೆಯ ಸ್ಪ್ಯಾಗೆಟ್ಟಿ, ಸಾಸ್ ಸಹಿತವೋ ರಹಿತವೋ, ಒಂದು ಪಾತ್ರೆಗೆ ಬೀಳುತ್ತದೆ. ಮೊಟ್ಟೆ ಒಡೆದು ಕಲಸುತ್ತಾರೆ. ತುರಿದ ಚೀಸ್, ಮೆಣಸಿನಪುಡಿ, ಮನೆಯಲ್ಲಿ ಏನು ಉಳಿದಿದೆಯೋ ಅದು. ಬಾಣಲೆಯಲ್ಲಿ ಕೊಬ್ಬು ಅಥವಾ ಎಣ್ಣೆ ಕಾಯಿಸಿ ಎಲ್ಲವನ್ನೂ ಸುರಿದು, ಒತ್ತಿ, ಸಣ್ಣ ಉರಿಯಲ್ಲಿ ಬಿಡುತ್ತಾರೆ. ಅಂಚಿನ ಎಳೆಗಳು ಕೆಂಪಾಗಿ ಕರುಮ್ ಎನ್ನುವಂತಾದಾಗ ತಟ್ಟೆ ಮುಚ್ಚಿ ತಿರುವಿಹಾಕಿ ಇನ್ನೊಂದು ಬದಿ ಬೇಯಿಸುತ್ತಾರೆ. ಆರಿದ ಮೇಲೆ ಕೇಕಿನ ಹಾಗೆ ತುಂಡು ಮಾಡಬಹುದು, ಕಾಗದದಲ್ಲಿ ಸುತ್ತಿ ಜೇಬಿಗೂ ಹಾಕಬಹುದು. ಈಸ್ಟರ್ ಮರುದಿನದ ವನಭೋಜನಕ್ಕೆ, ಸಮುದ್ರ ದಂಡೆಗೆ, ರೈಲು ಪ್ರಯಾಣಕ್ಕೆ ನೇಪಲ್ಸ್‌ನವರು ಇಂದಿಗೂ ಕಟ್ಟಿಕೊಳ್ಳುವ ಬುತ್ತಿ ಇದು.

ಇಲ್ಲಿ ಗಮನಿಸಬೇಕಾದದ್ದು, ಯಾರೂ ನಿನ್ನೆಯ ಪಾಸ್ತಾವನ್ನು ನಿನ್ನೆಯ ಪಾಸ್ತಾ ಮಾಡಲು ಹೋಗಲಿಲ್ಲ. ಅದನ್ನು ಬೇರೊಂದು ತಿಂಡಿಗೆ ಕಚ್ಚಾಮಾಲು ಎಂದು ತಿಳಿದರು. ಪುಣೆಯ ನೆರೆಮನೆಯ ಕಾಕು ಹಿಂದಿನ ದಿನದ ಚಪಾತಿ ಮುರಿದು ಈರುಳ್ಳಿ, ಸಾಸಿವೆ, ಅರಿಶಿನದಲ್ಲಿ 'ಫೋಡಣೀಚಿ ಪೋಳಿ' ಮಾಡುವುದೂ, ನಮ್ಮವರು ತಂಗಳನ್ನಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವುದೂ ಇದೇ ಬುದ್ಧಿ. ಒಗ್ಗರಣೆ ಬಿದ್ದ ಮೇಲೆ ಅದನ್ನು ಯಾರೂ ತಂಗಳು ಎನ್ನುವುದಿಲ್ಲ. ಬಿಸಿ ಮಾಡಿದ ಅನ್ನವನ್ನು ಮಾತ್ರ 'ಬಿಸಿ ಮಾಡಿದ್ದು' ಎಂದು ಮುಖ ಸಿಂಡರಿಸಿ ತಿನ್ನುತ್ತೇವೆ.

ಶ್ರೀಮಂತರ ಕಡೆಯ ಕಥೆ ಬೇರೆ. ನೇಪಲ್ಸ್ ಮತ್ತು ಸಿಸಿಲಿಯ ದೊಡ್ಡ ಮನೆಗಳಲ್ಲಿ 'ತಿಂಬಾಲ್ಲೊ' ಎಂಬ ಭರ್ಜರಿ ಭಕ್ಷ್ಯವಿತ್ತು. ಬೇಯಿಸಿದ ಮಕರೋನಿಯನ್ನು ಮಾಂಸ, ಮೊಟ್ಟೆ, ಸಾಸ್ ಜೊತೆ ಹಿಟ್ಟಿನ ಚಿಪ್ಪಿನಲ್ಲಿ ತುಂಬಿ ಮತ್ತೆ ಬೇಯಿಸುವುದು. ಲಾಂಪೆಡೂಸಾನ 'ಇಲ್ ಗತ್ತೊಪಾರ್ದೊ' ಕಾದಂಬರಿ ಓದಿದವರಿಗೆ ಆ ಊಟದ ದೃಶ್ಯ ನೆನಪಿರುತ್ತದೆ. ಇದು ಉಳಿದದ್ದರಿಂದ ಮಾಡಿದ್ದಲ್ಲ. ಆದರೆ ಪಾಸ್ತಾ ಎರಡು ಸಲ ಬೆಂಕಿ ಕಾಣಬಹುದು, ಎರಡನೇ ಸಲಕ್ಕೆ ಇನ್ನೂ ಚೆನ್ನಾಗಬಹುದು ಎಂಬುದು ಅರಮನೆಗೂ ಗೊತ್ತಿತ್ತು, ಗುಡಿಸಲಿಗೂ ಗೊತ್ತಿತ್ತು. ಆಗ್ನೇಯದ ಬಾರಿ ಊರಿನಲ್ಲಿ 'ಸ್ಪ್ಯಾಗೆಟ್ಟಿ ಆಲ್ ಅಸ್ಸಾಸ್ಸೀನಾ' ಎಂಬುದಿದೆ. ಹಸಿ ಸ್ಪ್ಯಾಗೆಟ್ಟಿಯನ್ನೇ ಕಬ್ಬಿಣದ ಬಾಣಲೆಯಲ್ಲಿ ಟೊಮೆಟೊ ನೀರು ಹಾಕುತ್ತಾ ತಳ ಸೀಯುವವರೆಗೆ ಹುರಿಯುವುದು. ನಿನ್ನೆಯ ಪಾಸ್ತಾವನ್ನು ಬಾಣಲೆಯಲ್ಲಿ ಬಿಸಿ ಮಾಡುವಾಗ ತಳ ಹಿಡಿಯುತ್ತಿದ್ದ ಚೂರಿನ ರುಚಿಗಾಗಿಯೇ ಇದು ಹುಟ್ಟಿತು ಎಂಬ ಮಾತು ಇದೆ. ಅನ್ನದ ಪಾತ್ರೆಯ ತಳದ ಸೀಕಿಗೆ ಜಗಳವಾಡಿ ಬೆಳೆದವರು ಇದನ್ನು ನಂಬಲು ಸಾಕ್ಷಿ ಕೇಳುವುದಿಲ್ಲ.

ಹಾಗಾದರೆ 'ಮೊದಲಿನಂತೆಯೇ ಬಿಸಿ ಮಾಡಿ ತಿನ್ನುವುದು' ಎಂಬ ಕಲ್ಪನೆ ಎಲ್ಲಿಂದ ಬಂತು? ನನ್ನ ಅಂದಾಜಿನಲ್ಲಿ ಅದರ ಬೇರು ಇಟಲಿಗಿಂತ ಹೆಚ್ಚಾಗಿ ಅಮೆರಿಕದಲ್ಲಿದೆ. 1880ರಿಂದ 1920ರ ನಡುವೆ ಸುಮಾರು 40 ಲಕ್ಷ ಇಟಾಲಿಯನ್ನರು ಅಮೆರಿಕಕ್ಕೆ ಹೋದರು, ಬಹುಪಾಲು ದಕ್ಷಿಣ ಇಟಲಿಯ ಬಡವರು. ನಮ್ಮ ಹಾಗೆ ಊರು ಬಿಟ್ಟವರು. ಅವರ ಹಿಂದೆಯೇ ಹೋದ ಪಿಯಾಚೆಂಜಾದ ಎತ್ತೊರೆ ಬೊಯಾರ್ದಿ ಎಂಬ ಬಾಣಸಿಗ 1924ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಹೋಟೆಲ್ ತೆರೆದ. ಗಿರಾಕಿಗಳು ಅವನ ಸಾಸ್ ಮನೆಗೂ ಬೇಕೆಂದು ಕೇಳಿದರು. ಹಾಲಿನ ಬಾಟಲಿಗಳಲ್ಲಿ ತುಂಬಿ ಕೊಡತೊಡಗಿದ. 1928ರ ಹೊತ್ತಿಗೆ ಅದು ಫ್ಯಾಕ್ಟರಿಯಾಯಿತು. ಎರಡನೇ ಮಹಾಯುದ್ಧದಲ್ಲಿ ಅವನ ಡಬ್ಬಿಗಳು ಸೈನಿಕರಿಗೆ ಹೋದವು. 'ಶೆಫ್ ಬೊಯಾರ್ಡಿ' ಎಂಬ ಹೆಸರಿನ ಡಬ್ಬಿ ಪಾಸ್ತಾ ಅಮೆರಿಕದ ಮಕ್ಕಳ ಬಾಯಿಗೆ ಬಂತು. ಮನೆಯಲ್ಲಿ ಒಮ್ಮೆಯೂ ಹೊಸದಾಗಿ ಬೇಯದ, ಹುಟ್ಟುತ್ತಲೇ 'ಬಿಸಿ ಮಾಡಿ ತಿನ್ನುವ' ಪಾಸ್ತಾ!

ನಂತರ ಫ್ರಿಜ್ ಬಂತು. ಇಟಲಿಯ ಸಾಮಾನ್ಯ ಮನೆಗಳಿಗೆ ಅದು ತಲುಪಿದ್ದು 1950ರ ದಶಕದ ಕೊನೆ ಮತ್ತು 60ರ ದಶಕದ ಆರ್ಥಿಕ ಏರಿಕೆಯಲ್ಲಿ. ಅದರ ಹಿಂದೆಯೇ ಮೈಕ್ರೋವೇವ್. ಇದರ ಕಥೆ ನಮ್ಮ ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ರೇಥಿಯಾನ್ ಕಂಪನಿಯಲ್ಲಿ ರೇಡಾರಿನ ಮ್ಯಾಗ್ನೆಟ್ರಾನ್ ಮೇಲೆ ಕೆಲಸ ಮಾಡುತ್ತಿದ್ದ ಪರ್ಸಿ ಸ್ಪೆನ್ಸರ್‌ನ ಜೇಬಿನಲ್ಲಿದ್ದ ತಿಂಡಿ ಕರಗಿತು ಎಂಬ ಕಥೆ. 1945ರ ಅಕ್ಟೋಬರಿನಲ್ಲಿ ಪೇಟೆಂಟ್ ಅರ್ಜಿ, 1947ರಲ್ಲಿ ಮೊದಲ ಯಂತ್ರ. ಮನುಷ್ಯನೆತ್ತರದ, ಸುಮಾರು 340 ಕಿಲೋ ತೂಕದ ಬೀರು ಅದು. ಅಡುಗೆಮನೆಯ ಕಟ್ಟೆಯ ಮೇಲೆ ಕೂರುವ ಮಾದರಿಯನ್ನು ಅಮಾನಾ ಕಂಪನಿ 1967ರಲ್ಲಿ 495 ಡಾಲರಿಗೆ ಮಾರುಕಟ್ಟೆಗೆ ಬಿಟ್ಟಿತು. ಒಲೆಯ ಬಿಸಿ ಪಾತ್ರೆಯ ಮೂಲಕ ಹೊರಗಿನಿಂದ ಬರುತ್ತದೆ. ಮೈಕ್ರೋವೇವ್ ತಿಂಡಿಯೊಳಗಿನ ನೀರನ್ನೇ ಅಲುಗಿಸಿ ಕಾಯಿಸುತ್ತದೆ. ಹಾಗಾಗಿ ತಳ ಸೀಯುವುದಿಲ್ಲ, ಅಂಚು ಕರುಮ್ ಎನ್ನುವುದಿಲ್ಲ. ನೇಪಲ್ಸ್‌ನ ಬಾಣಲೆ ತಂಗಳಿಗೆ ಕೊಟ್ಟ ಹೊಸ ಜನ್ಮವನ್ನು ಈ ಪೆಟ್ಟಿಗೆ ಕೊಡಲಾರದು. ಅದು ಮಾಡುವ ವಾಗ್ದಾನ 'ನಿನ್ನೆಯದನ್ನೇ ವಾಪಸ್ ಕೊಡುತ್ತೇನೆ' ಎಂದು.

ಆ ವಾಗ್ದಾನವನ್ನು ಅದು ಈಡೇರಿಸಲಾರದು. ಕಾರಣ ಪಿಷ್ಟ. ಎಂಟೆಕ್‌ನಲ್ಲಿ ಪಾಲಿಮರ್‌ಗಳನ್ನು ಓದಿದ್ದು ನನಗೆ ಆಫೀಸಿನಲ್ಲಿ ಎಂದೂ ಉಪಯೋಗಕ್ಕೆ ಬಂದಿಲ್ಲ, ಇಲ್ಲಾದರೂ ಬರಲಿ. ಪಾಸ್ತಾ ಬೇಯುವಾಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಳಗಿನ ಸರಪಳಿಗಳು ಬಿಡಿಸಿಕೊಳ್ಳುತ್ತವೆ. ಆರಿದಾಗ ಅವು ಮತ್ತೆ ಒಂದರ ಪಕ್ಕ ಒಂದು ಒತ್ತಾಗಿ ಜೋಡಿಸಿಕೊಂಡು ಹರಳುಗಟ್ಟುತ್ತವೆ. ಪಾಸ್ತಾ ಗಟ್ಟಿಯಾಗಿ ಮುದ್ದೆಯಾಗುವುದು ಅದಕ್ಕೇ. ಒಣಗಿದ್ದರಿಂದ ಹಾಗಾಯಿತು ಎಂದು ನಾವು ಭಾವಿಸುತ್ತೇವೆ. ಅಲ್ಲ ಎಂದು ಫ್ರಾನ್ಸಿನ ಬೂಸಿಂಗೋ 1852ರಲ್ಲೇ ಬ್ರೆಡ್ಡಿನ ಮೇಲೆ ತೋರಿಸಿಕೊಟ್ಟ. ತೇವ ಹೊರಹೋಗದಂತೆ ಗಾಳಿಯಾಡದೆ ಮುಚ್ಚಿಟ್ಟರೂ ಬ್ರೆಡ್ ಹಳತಾಯಿತು, ಮತ್ತೆ ಕಾಯಿಸಿದಾಗ ಮೆತ್ತಗಾಯಿತು. ಪಿಷ್ಟದಲ್ಲಿ ಎರಡು ಜಾತಿ. ಕೊಂಬೆಕೊಂಬೆಯಾದ ಅಮೈಲೋಪೆಕ್ಟಿನ್ ನಿಧಾನಕ್ಕೆ ದಿನಗಟ್ಟಲೆ ಹರಳುಗಟ್ಟುತ್ತದೆ, ಬಿಸಿ ಮಾಡಿದರೆ ಸುಲಭವಾಗಿ ಸಡಿಲಾಗುತ್ತದೆ. ನೇರ ಸರಪಳಿಯ ಅಮೈಲೋಸ್ ಗಂಟೆಗಳಲ್ಲೇ ಹರಳಾಗುತ್ತದೆ, ಅದನ್ನು ಬಿಡಿಸಲು ಕುದಿಯುವ ನೀರಿನ ಬಿಸಿಯೂ ಸಾಲದು. ಅಂದರೆ ಬಿಸಿ ಮಾಡಿದ ಪಾಸ್ತಾ ಅರ್ಧ ಮಾತ್ರ ಹಿಂದಕ್ಕೆ ಬರುತ್ತದೆ. ನಮ್ಮ ಸಾಫ್ಟ್‌ವೇರಿನವರ ಭಾಷೆಯಲ್ಲಿ, ಇಲ್ಲಿ ಪೂರ್ತಿ ರೋಲ್‌ಬ್ಯಾಕ್ ಇಲ್ಲ.

ಈ ಹಿಂದಕ್ಕೆ ಬಾರದ ಅರ್ಧದಿಂದ ಒಂದು ಲಾಭವೂ ಇದೆ. 1982ರಲ್ಲಿ ಕೇಂಬ್ರಿಜ್‌ನಲ್ಲಿದ್ದ ಹ್ಯಾನ್ಸ್ ಎಂಗ್ಲಿಸ್ಟ್, ನಮ್ಮ ಜೀರ್ಣರಸಕ್ಕೆ ಬಗ್ಗದ ಪಿಷ್ಟವೂ ಇದೆ ಎಂದು ಗುರುತಿಸಿ ಅದಕ್ಕೊಂದು ಹೆಸರಿಟ್ಟ. ಆರಿ ಹರಳುಗಟ್ಟಿದ ಪಿಷ್ಟ ಈ ಗುಂಪಿಗೆ ಸೇರುತ್ತದೆ. 2014ರಲ್ಲಿ ಬಿಬಿಸಿಯ ಒಂದು ಕಾರ್ಯಕ್ರಮಕ್ಕಾಗಿ ಸರ್ರೆ ವಿಶ್ವವಿದ್ಯಾಲಯದವರು ಕೆಲವೇ ಜನರಿಗೆ ಒಂದೇ ಪಾಸ್ತಾವನ್ನು ಬಿಸಿಬಿಸಿಯಾಗಿ, ತಣ್ಣಗೆ, ಮತ್ತು ತಣಿಸಿ ಮತ್ತೆ ಬಿಸಿ ಮಾಡಿ ಕೊಟ್ಟು ರಕ್ತದ ಸಕ್ಕರೆ ಅಳೆದರು. ಮತ್ತೆ ಬಿಸಿ ಮಾಡಿದ್ದರಲ್ಲಿ ಏರಿಕೆ ಸುಮಾರು ಅರ್ಧಕ್ಕೆ ಇಳಿದಿತ್ತು. ಸಕ್ಕರೆ ಕಾಯಿಲೆಯ ಗಡಿಯಲ್ಲಿ ನಿಂತಿರುವ ನನ್ನಂಥವನಿಗೆ ಕೇಳಲು ಹಿತವಾದ ಸುದ್ದಿ. ಆದರೆ ಟಿವಿಗಾಗಿ ಮಾಡಿದ ಒಂದು ಚಿಕ್ಕ ಪ್ರಯೋಗವನ್ನು ನಂಬಿ ತಟ್ಟೆ ದೊಡ್ಡದು ಮಾಡುವುದು ನನಗೆ ಸರಿಯೆನಿಸಲಿಲ್ಲ.

ಇನ್ನು ಮಗಳ ವಾದ. ಬಿಸಿ ಮಾಡಿದರೆ ಎಲ್ಲಾ ಸಾಯುತ್ತದೆಯೇ?

'ಬ್ಯಾಸಿಲಸ್ ಸೀರಿಯಸ್' ಎಂಬ ಮಣ್ಣಿನ ಬ್ಯಾಕ್ಟೀರಿಯಾ ಇದೆ. ಧಾನ್ಯಗಳ ಜೊತೆ ಮನೆಗೆ ಬರುತ್ತದೆ. ಪರಿಸ್ಥಿತಿ ಕೆಟ್ಟಾಗ ಬೀಜದಂಥ ಗಟ್ಟಿ ಕವಚ ತೊಟ್ಟು ಮಲಗುತ್ತದೆ, ಕುದಿಯುವ ನೀರಲ್ಲೂ ಬದುಕಿಕೊಳ್ಳುತ್ತದೆ. ಬೆಂದ ಅನ್ನವೋ ಪಾಸ್ತಾವೋ ಬೆಚ್ಚಗೆ ಕಟ್ಟೆಯ ಮೇಲೆ ಕೂತಾಗ ಏಳುತ್ತದೆ. ಇದರ ಮೇಲೆ ಮೊದಲು ಗಂಭೀರ ಕೆಲಸ ಮಾಡಿದವನು ನಾರ್ವೆಯ ಸ್ಟೈನಾರ್ ಹೌಗೆ. 1940ರ ದಶಕದ ಕೊನೆಯಲ್ಲಿ ಓಸ್ಲೋದಲ್ಲಿ ವೆನಿಲ್ಲಾ ಸಾಸ್ ತಿಂದು ನೂರಾರು ಜನರ ಹೊಟ್ಟೆ ಕೆಟ್ಟಿತ್ತು. ಹೌಗೆ ಈ ಬ್ಯಾಕ್ಟೀರಿಯಾವನ್ನು ಸಾಸಿನಲ್ಲಿ ಬೆಳೆಸಿ ತಾನೇ ಒಂದು ಲೋಟದಷ್ಟು ಕುಡಿದ. ಹದಿಮೂರು ಗಂಟೆ ಕಳೆದ ಮೇಲೆ ಅವನ ಸಂಶಯ ಪರಿಹಾರವಾಯಿತು! ಅದು ಭೇದಿಯ ಬಗೆ. ವಾಂತಿಯ ಬಗೆ ಬೆಳಕಿಗೆ ಬಂದದ್ದು 1970ರ ದಶಕದಲ್ಲಿ, ಇಂಗ್ಲೆಂಡಿನ ಚೀನೀ ಹೋಟೆಲುಗಳ ಫ್ರೈಡ್ ರೈಸ್‌ನಿಂದ. ಹಿಂದಿನ ದಿನ ರಾಶಿ ಅನ್ನ ಮಾಡಿ, ಉದುರುದುರಾಗಿರಲೆಂದು ಫ್ರಿಜ್‌ಗೆ ಇಡದೆ ಹೊರಗೇ ಬಿಟ್ಟು, ಮರುದಿನ ಬಾಣಲೆಯಲ್ಲಿ ಎರಡು ನಿಮಿಷ ಹುರಿದು ಕೊಡುತ್ತಿದ್ದರು.

ಈ ಎರಡನೇ ಬಗೆಯಲ್ಲಿ ಕಾಯಿಲೆ ತರುವುದು ಬ್ಯಾಕ್ಟೀರಿಯಾ ಅಲ್ಲ, ಅದು ಬಿಟ್ಟುಹೋದ 'ಸೆರ್ಯೂಲೈಡ್' ಎಂಬ ವಿಷ. ಬ್ಯಾಕ್ಟೀರಿಯಾ ಸತ್ತರೂ ವಿಷ ಉಳಿಯುತ್ತದೆ. 121 ಡಿಗ್ರಿಯಲ್ಲಿ ಗಂಟೆಗೂ ಹೆಚ್ಚು ಕಾಯಿಸಿದರೂ ಅದು ಜಗ್ಗುವುದಿಲ್ಲ, ಹೊಟ್ಟೆಯ ಆಮ್ಲಕ್ಕೂ ಹೆದರುವುದಿಲ್ಲ. ಕುಕ್ಕರಿನ ಸೀಟಿಗೂ ಬಗ್ಗದ್ದು ಮೈಕ್ರೋವೇವಿನ ಎರಡು ನಿಮಿಷಕ್ಕೆ ಎಲ್ಲಿ ಬಗ್ಗೀತು? ನೇಪಲ್ಸ್‌ನ ಫ್ರಿಟ್ಟಾಟಾ ಕೂಡ ಇದರ ಮುಂದೆ ಸೋಲುತ್ತದೆ. ಬಾಣಲೆ ರುಚಿ ಬದಲಿಸಬಲ್ಲದು, ಕಳೆದ ಹೊತ್ತನ್ನು ಅಳಿಸಲಾರದು.

1997ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಸ್ವಿಟ್ಜರ್‌ಲ್ಯಾಂಡಿನ ವೈದ್ಯರು ಒಂದು ಪ್ರಕರಣ ವರದಿ ಮಾಡಿದರು. ನಾಲ್ಕು ದಿನ ಮೊದಲು ಮಾಡಿದ್ದ ಸ್ಪ್ಯಾಗೆಟ್ಟಿ ಮತ್ತು ಪೆಸ್ಟೊ ತಿಂದ ತಂದೆ, ಹದಿನೇಳರ ಮಗ. ತಂದೆ ಬದುಕಿದ, ಮಗ ಯಕೃತ್ತು ಸೋತು ತೀರಿಕೊಂಡ. ಇನ್ನೊಂದು 2008ರ ಅಕ್ಟೋಬರಿನಲ್ಲಿ ಬ್ರಸೆಲ್ಸ್‌ನಲ್ಲಿ ನಡೆದದ್ದು, ಪ್ರಕಟವಾದದ್ದು 2011ರಲ್ಲಿ. ಇಪ್ಪತ್ತು ವರ್ಷದ ವಿದ್ಯಾರ್ಥಿ. ಐದು ದಿನ ಮೊದಲು ಬೇಯಿಸಿದ್ದ ಸ್ಪ್ಯಾಗೆಟ್ಟಿ ಮತ್ತು ಟೊಮೆಟೊ ಸಾಸ್ ಅಡುಗೆಮನೆಯಲ್ಲಿ ಹೊರಗೇ ಇತ್ತು. ಕಾಲೇಜಿನಿಂದ ಬಂದವನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ತಿಂದು ಆಟಕ್ಕೆ ಹೋದ. ಅರ್ಧ ಗಂಟೆಯಲ್ಲಿ ತಲೆನೋವು, ಹೊಟ್ಟೆನೋವು, ವಾಕರಿಕೆ ಎಂದು ವಾಪಸ್ ಬಂದ. ಹಲವು ಗಂಟೆ ವಾಂತಿ ಮಾಡಿಕೊಂಡು ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಇಂಥವು ತೀರಾ ಅಪರೂಪ, ಬಹುತೇಕ ಜನ ಒಂದು ದಿನ ವಾಂತಿ ಮಾಡಿಕೊಂಡು ಸುಧಾರಿಸುತ್ತಾರೆ. ಆದರೂ ಆ ವರದಿ ಓದಿದ ರಾತ್ರಿ ನಾನು ಎದ್ದು ಹೋಗಿ ಅಡುಗೆಮನೆಯ ಕಟ್ಟೆ ನೋಡಿ ಬಂದೆ. ಇನ್ನೆರಡು ವರ್ಷಕ್ಕೆ ಮಗಳು ಹಾಸ್ಟೆಲಿಗೆ ಹೋಗುತ್ತಾಳೆ.

ಈಗ ಅವ್ವನ ತಕರಾರು ನನಗೆ ಬೇರೆ ಥರ ಕೇಳಿಸುತ್ತದೆ. ತಂಗಳು ಎಂದು ಅವಳು ಗುರುತಿಸುತ್ತಿದ್ದದ್ದು ತಿಂಡಿ ತಣ್ಣಗಿದೆಯೋ ಬಿಸಿಯಿದೆಯೋ ಎಂಬುದನ್ನಲ್ಲ, ಅದರ ಮೇಲೆ ಎಷ್ಟು ಹೊತ್ತು ಕಳೆದಿದೆ ಎಂಬುದನ್ನು. ಮಗಳು ಲೆಕ್ಕ ಹಿಡಿದದ್ದು ಡಿಗ್ರಿಯನ್ನು, ಅಜ್ಜಿ ಹಿಡಿದದ್ದು ಗಂಟೆಯನ್ನು. ಫ್ರಿಜ್ ಇಲ್ಲದ ಕಾಲದ ಆ ನಿಯಮಕ್ಕೆ ಫ್ರಿಜ್ ಒಂದು ರಿಯಾಯಿತಿ ಕೊಟ್ಟಿದೆ ಅಷ್ಟೆ. ಬೆಂದ ಎರಡು ಗಂಟೆಯೊಳಗೆ, ದೊಡ್ಡ ಪಾತ್ರೆಯಲ್ಲಿ ರಾಶಿ ಬಿಡದೆ ಅಗಲ ಡಬ್ಬಿಯಲ್ಲಿ ಹರಡಿ, 5 ಡಿಗ್ರಿಯ ಕೆಳಗೆ ಸೇರಿಸಿದರೆ ಮೂರು ದಿನ ಚಿಂತೆಯಿಲ್ಲ. ಪುಣೆಯ ಮೇ ತಿಂಗಳಲ್ಲಿ ಎರಡು ಗಂಟೆಯೂ ಜಾಸ್ತಿಯೇ. ತಿನ್ನುವಾಗ ಒಂದು ಚಮಚ ನೀರು ಚಿಮುಕಿಸಿ, ಮುಚ್ಚಿ, ನಡುವೆ ಒಮ್ಮೆ ಕಲಕಿ, ಒಳಗೆಲ್ಲ ಹಬೆಯಾಡುವಷ್ಟು ಕಾಯಿಸಬೇಕು. ಈ ಷರತ್ತುಗಳಿಗೆ ಮನೆಯಲ್ಲಿ ಎರಡೂ ಕಡೆಯ ಒಪ್ಪಿಗೆ ಸಿಕ್ಕಿದೆ. ಅವ್ವ ಮಾತ್ರ ತಾನು ತಿನ್ನುವುದಿಲ್ಲ ಎಂಬ ಹಕ್ಕನ್ನು ಉಳಿಸಿಕೊಂಡಿದ್ದಾಳೆ.

ನೇಪಲ್ಸ್‌ನ ಪಿಜ್ಜಾ ಅಂಗಡಿಗಳ ಗಾಜಿನ ಪೆಟ್ಟಿಗೆಯಲ್ಲಿ ಈಗ 'ಫ್ರಿಟ್ಟಾಟೀನಾ' ಎಂಬ ಪುಟ್ಟ ಕರಿದ ತಿಂಡಿ ಸಿಗುತ್ತದೆ. ಬಡವರ ತಂಗಳು ಫ್ರಿಟ್ಟಾಟಾದ ಮೊಮ್ಮಗಳು. ಬಿಳಿ ಸಾಸ್, ಬಟಾಣಿ, ಮಾಂಸದ ಚೂರು, ಮೇಲೆ ಹಿಟ್ಟಿನ ಲೇಪ. ಅದಕ್ಕೆ ಬೇಕಾದಷ್ಟು ತಂಗಳು ಯಾವ ಮನೆಯಲ್ಲೂ ಸಿಗುವುದಿಲ್ಲವಲ್ಲ, ಹಾಗಾಗಿ ಅಂಗಡಿಯವರು ಹೊಸ ಪಾಸ್ತಾ ಬೇಯಿಸಿ, ಸಾಸಿನಲ್ಲಿ ಕಲಸಿ, ಟ್ರೇಯಲ್ಲಿ ಒತ್ತಿ, ಫ್ರಿಜ್‌ನಲ್ಲಿ ಚೆನ್ನಾಗಿ ಗಟ್ಟಿಯಾಗಲು ಬಿಟ್ಟು, ಆಮೇಲೆ ದುಂಡಗೆ ಕತ್ತರಿಸಿ ಕರಿಯುತ್ತಾರೆ.